ಬಜ್ಪೆಯ ಗುಡ್ಡ, ನಮ್ಮ ಮನೆಯ ದಾರಿ

ತೊಂಬತ್ತರ ದಶಕದಲ್ಲಿ ಅಜ್ಜಿ ತೀರಿಕೊಂಡಾಗ ಉಪ್ಪ ದುಬೈಯಲ್ಲಿದ್ದರು. ಸುದ್ದಿ ಮುಟ್ಟಿದ ಕೂಡಲೇ ಹೊರಟರು. ಮುಂಬೈಯಲ್ಲಿ ಇಳಿದು, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದು ಊರು ಸೇರುವಾಗ ಮೂರನೇ ದಿನ. ಮಯ್ಯತ್‌ ಅಷ್ಟು ಹೊತ್ತು ಇಡುವಂತಿಲ್ಲವಲ್ಲ. ಉಪ್ಪ ನೋಡಿದ್ದು ಹಸಿ ಮಣ್ಣಿನ ಖಬರನ್ನು ಮಾತ್ರ.

ಬಜ್ಪೆಯಲ್ಲಿ ಆಗ ವಿಮಾನ ನಿಲ್ದಾಣ ಇರಲಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಇತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದು ಅದು ಆರಂಭವಾಗಿತ್ತು. ಆದರೆ ಗುಡ್ಡದ ತಲೆ ಸಮ ಮಾಡಿ ಕಟ್ಟಿದ ಆ ರನ್‌ವೇಯ ಉದ್ದ 1,615 ಮೀಟರ್. 1981ರಲ್ಲಿ ವಿಮಾನವೊಂದು ಅದರ ತುದಿ ದಾಟಿ ಹೋಗಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಗಲ್ಫ್‌ನಿಂದ ತುಂಬಿ ಬರುವ ವಿಮಾನಕ್ಕೆ ಅಷ್ಟು ಉದ್ದ ಸಾಲದು. ಎಪ್ಪತ್ತರ ದಶಕದಿಂದಲೇ ನಮ್ಮವರು ಗಲ್ಫಿಗೆ ಹೋಗುತ್ತಿದ್ದರೂ ದಾರಿ ಮಾತ್ರ ಮುಂಬೈ ಮೇಲೆಯೇ. ಎರಡು ತಿಂಗಳ ರಜೆಯಲ್ಲಿ ನಾಲ್ಕೈದು ದಿನ ಹಾದಿಯಲ್ಲೇ ಹೋಗುತ್ತಿತ್ತು.

2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. ದುಬೈಯಲ್ಲಿ ರಾತ್ರಿ ಹತ್ತಿದವರು ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುವಂತಾಯಿತು. ಮುಂದೆ ಹಜ್ ಯಾತ್ರಿಕರೂ ಇಲ್ಲಿಂದಲೇ ಹೊರಟರು. 2010ರ ಮೇ 15ರಂದು ಕೆಂಜಾರು ಕಡೆಯ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ವಿಮಾನಕ್ಕೆ ನೇರವಾಗಿ ನಡೆದು ಹೋಗುವ ಏರೋಬ್ರಿಡ್ಜ್ ಬಂತು.

ಸರಿಯಾಗಿ ಒಂದು ವಾರ. ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಯ ಅರ್ಧಕ್ಕೂ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿ, ತುದಿಯ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರೆಂದು ತನಿಖೆಯಲ್ಲಿ ತಿಳಿಯಿತು. ಗುಡ್ಡದ ಮೇಲಿನ ರನ್‌ವೇಯಲ್ಲಿ ತಪ್ಪು ತಿದ್ದಿಕೊಳ್ಳಲು ಮುಂದೆ ನೆಲವಿರುವುದಿಲ್ಲ. ಮಂಗಳೂರಿನಿಂದ ಕಾಸರಗೋಡಿನವರೆಗೆ ಎಷ್ಟೋ ಮನೆಗಳಲ್ಲಿ ಅಂದು ಬಾಗಿಲು ತೆರೆದಿಟ್ಟು ಕಾದಿದ್ದರು. ತಣ್ಣೀರುಬಾವಿಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ ಅವರ ಸ್ಮಾರಕವಿದೆ.

2020ರ ಅಕ್ಟೋಬರ್ ಕೊನೆಯಲ್ಲಿ ನಿಲ್ದಾಣದ ನಿರ್ವಹಣೆ ಅದಾನಿ ಸಂಸ್ಥೆಗೆ ಹೋಯಿತು. ಅಂಗಡಿ, ದೀಪ, ಕುರ್ಚಿಗಳೆಲ್ಲ ಚಂದವಾಗಿವೆ. ಆದರೆ ನಮ್ಮಂಥವರಿಗೆ ದೊಡ್ಡ ಸೌಲಭ್ಯ ನೇರ ವಿಮಾನವೇ. ಕಳೆದ ವರ್ಷ ಉಮ್ಮ ತೀರಿಕೊಂಡಾಗ ಅಬುಧಾಬಿಯಿಂದ ತಮ್ಮ ಮಧ್ಯಾಹ್ನದೊಳಗೆ ಬಂದು ಮುಟ್ಟಿದ. ಖಬರಿಗೆ ಮೂರು ಹಿಡಿ ಮಣ್ಣು ಹಾಕಿದ. ಉಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು, ಏನೂ ಹೇಳಲಿಲ್ಲ.

ಮಕ್ಕಳನ್ನು ನಿಲ್ದಾಣ ತೋರಿಸಲು ಕರೆದೊಯ್ಯುವವರು ಹಿಂದಿರುಗುವಾಗ ತಣ್ಣೀರುಬಾವಿಗೂ ಒಮ್ಮೆ ಹೋಗಿ ಬನ್ನಿ.