ಟಿ ಟೌರಿ ನಕ್ಷತ್ರ

ಟಿ ಟೌರಿ: ವೃಷಭರಾಶಿಯಲ್ಲಿ, ರೋಹಿಣಿಗೂ ಕೃತ್ತಿಕೆಗೂ ನಡುವಣ ಆಕಾಶಭಾಗದಲ್ಲಿ, ಧೂಳಿನಿಂದಲೂ ನೀಹಾರಿಕೆಯಿಂದಲೂ ಪರಿವೃತವಾಗಿರುವ, ಕಾಂತಿಯಲ್ಲಿ ಅನಿಯತವಾಗಿ ಏರಿಳಿಯುವ ಒಂದು ಎಳೆಯ ನಕ್ಷತ್ರ. ಭೂಮಿಯಿಂದ ಸುಮಾರು 470 ಜ್ಯೋತಿರ್ವರ್ಷಗಳ ದೂರದಲ್ಲಿರುವ ಇದು ಬರಿಗಣ್ಣಿಗೆ ಕಾಣದು. ಆದರೆ ಈಗ ಹತ್ತನೆಯ ಕಾಂತಿವರ್ಗದ ಆಸುಪಾಸಿನಲ್ಲಿರುವುದರಿಂದ ಸಣ್ಣದೊಂದು ದೂರದರ್ಶಕಕ್ಕೂ ಗೋಚರಿಸುತ್ತದೆ. ಚರಕಾಂತಿಯ ನಕ್ಷತ್ರಗಳನ್ನು ಆಯಾ ರಾಶಿಯಲ್ಲಿ ಆರ್ ಎಂಬ ಅಕ್ಷರದಿಂದ ಮೊದಲುಗೊಂಡು ಹೆಸರಿಸುವ ಆರ್ಗೆಲಾಂಡರನ ಪದ್ಧತಿಯಂತೆ ವೃಷಭದಲ್ಲಿ ಮೂರನೆಯದಾದುದರಿಂದ ಇದಕ್ಕೆ ಟಿ ಎಂಬ ಅಕ್ಷರ ಪ್ರಾಪ್ತವಾಯಿತು.

ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಜಾರ್ಜ್ ಬಿಷಪ್ ಎಂಬ ಶ್ರೀಮಂತನು ಸ್ಥಾಪಿಸಿದ್ದ ಖಾಸಗಿ ವೀಕ್ಷಣಾಲಯದಲ್ಲಿ ಕ್ಷುದ್ರಗ್ರಹಗಳ ಅನ್ವೇಷಣೆಗಾಗಿ ಕ್ರಾಂತಿವೃತ್ತದ ನೆರೆಯ ನಕ್ಷತ್ರಗಳ ನಕ್ಷೆಗಳನ್ನು ಸಿದ್ಧಪಡಿಸುತ್ತಿದ್ದ ಜಾನ್ ರಸೆಲ್ ಹಿಂಡ್, 1852ರ ಅಕ್ಟೋಬರ್ 11ರಂದು ವೃಷಭದಲ್ಲಿ ಅತ್ಯಂತ ಚಿಕ್ಕದಾದ ನೀಹಾರಿಕೆಯೊಂದನ್ನು ಕಂಡನು. ಅದರ ಮಗ್ಗುಲಲ್ಲೇ ಇದ್ದ ಹತ್ತನೆಯ ಕಾಂತಿವರ್ಗದ ನಕ್ಷತ್ರವು ಹಳೆಯ ನಕ್ಷೆಗಳಲ್ಲಿ ಇಲ್ಲದಿದ್ದುದನ್ನು ಗಮನಿಸಿ, ಅದರ ಕಾಂತಿ ಸ್ಥಿರವಲ್ಲವೆಂದು ಶಂಕಿಸಿದನು. ಆ ಶಂಕೆ ಮುಂದೆ ನಿಜವಾಯಿತು.

ಸ್ಥಿರವಲ್ಲದುದು ನಕ್ಷತ್ರವೊಂದೇ ಅಲ್ಲ. 1861ರಲ್ಲಿ ಕೋಪನ್‌ಹೇಗನ್ನಿನ ಡಾರೆಸ್ಟ್ ಹಿಂಡನ ನೀಹಾರಿಕೆಯನ್ನು ಅರಸಲು, ಅದು ಆ ಸ್ಥಾನದಲ್ಲಿ ಕಾಣಲಿಲ್ಲ. ಹಿಂಡನ ಉಪಕರಣಕ್ಕಿಂತ ಬಲವತ್ತರವಾದ ದೂರದರ್ಶಕಗಳಿಗೂ ಅದು ದುರ್ಲಭವಾಯಿತು. ನೀಹಾರಿಕೆಗಳೆಂದರೆ ಅಚಲವಾದ ವಸ್ತುಗಳೆಂದು ನಂಬಿದ್ದ ಅಂದಿನ ವಿದ್ವಾಂಸರಿಗೆ ಈ ವಾರ್ತೆ ಅಚ್ಚರಿಯನ್ನು ತಂದಿತು. 1868ರಲ್ಲಿ ರಷ್ಯದ ಪುಲ್ಕೊವೊ ವೀಕ್ಷಣಾಲಯದ ಆಟೊ ಸ್ಟ್ರೂವ್, ಹಿಂಡನು ಸೂಚಿಸಿದ ಸ್ಥಾನಕ್ಕೆ ಪಶ್ಚಿಮದಲ್ಲಿ ಮತ್ತೊಂದು ಮಸಕು ನೀಹಾರಿಕೆಯನ್ನು ಕಂಡನು. ಡಾರೆಸ್ಟನೂ ಅದನ್ನು ಕಂಡನು. ಕೆಲವೇ ವರ್ಷಗಳಲ್ಲಿ ಅದೂ ಮರೆಯಾಯಿತು. ನಕ್ಷತ್ರವಾದರೋ ಆ ಶತಮಾನದ ಉತ್ತರಾರ್ಧದಲ್ಲಿ ಹದಿಮೂರನೆಯ ಕಾಂತಿವರ್ಗದ ಸಮೀಪಕ್ಕೆ, ಎಂದರೆ ಮೊದಲಿನ ಬೆಳಕಿನ ಸುಮಾರು ಹದಿನೈದರಲ್ಲೊಂದು ಪಾಲಿಗೆ ಕುಂದಿತು.

1890ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದ 36 ಅಂಗುಲದ ದೂರದರ್ಶಕದಿಂದ ಬರ್ನಹ್ಯಾಮ್ ಮತ್ತು ಬಾರ್ನಾರ್ಡ್ ಎಂಬವರು ಹಿಂಡನ ನೀಹಾರಿಕೆಯನ್ನು ಅತಿ ಕ್ಷೀಣವಾಗಿ ಪುನಃ ಕಂಡರು. ಅಷ್ಟೇ ಅಲ್ಲದೆ, ನಕ್ಷತ್ರವನ್ನೇ ಒತ್ತಿಕೊಂಡಂತೆ ಆವರಿಸಿದ್ದ ಮತ್ತೊಂದು ಪುಟ್ಟ ನೀಹಾರಿಕೆಯನ್ನು ಬರ್ನಹ್ಯಾಮ್ ಗುರುತಿಸಿದನು. ಐದು ವರ್ಷಗಳ ಬಳಿಕ ಬಾರ್ನಾರ್ಡನಿಗೆ ಹಿಂಡನ ನೀಹಾರಿಕೆ ಮತ್ತೆ ಕಾಣದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಛಾಯಾಗ್ರಹಣ ಬಳಕೆಗೆ ಬಂದ ಮೇಲೆ ಅದು ಕ್ರಮೇಣ ಬೆಳಗಿದುದು ದಾಖಲೆಗೊಂಡಿತು.

ಈ ಕಣ್ಣುಮುಚ್ಚಾಲೆಗೆ ಕಾರಣವು ನೀಹಾರಿಕೆಯ ಉತ್ಪತ್ತಿ ನಾಶಗಳಲ್ಲ. ಅದಕ್ಕೆ ಸ್ವಯಂಪ್ರಭೆಯಿಲ್ಲ, ನಕ್ಷತ್ರದಿಂದ ಬಂದ ಬೆಳಕನ್ನು ಅದರ ಧೂಳಿನ ಕಣಗಳು ಚದರಿಸುವುದರಿಂದ ಮಾತ್ರವೇ ಅದು ನಮಗೆ ಕಾಣುತ್ತದೆ. ನಕ್ಷತ್ರದ ಸಮೀಪದಲ್ಲಿ ಸುತ್ತುವ ಧೂಳಿನ ಮುದ್ದೆಗಳು ಬೆಳಕಿಗೆ ಅಡ್ಡ ಬಂದಾಗ ಅವುಗಳ ನೆರಳು ದೂರದ ಮೋಡದ ಮೇಲೆ ಬೀಳುತ್ತದೆ. ನೆರಳು ಸರಿದಾಗ ಮೋಡ ಪುನಃ ಬೆಳಗುತ್ತದೆ.

ಟಿ ಟೌರಿಯ ಹೆಸರು ಒಂದು ವರ್ಗದ ಹೆಸರಾಗಿ ಪರಿಣಮಿಸಿದುದು 1945ರಲ್ಲಿ. ಮೌಂಟ್ ವಿಲ್ಸನ್ ವೀಕ್ಷಣಾಲಯದ ಆಲ್ಫ್ರೆಡ್ ಜಾಯ್ ಅನಿಯತವಾದ ಕಾಂತಿವ್ಯತ್ಯಾಸ, ಸೂರ್ಯನ ವರ್ಣಗೋಳದ ರೋಹಿತವನ್ನು ಹೋಲುವ ಉಜ್ಜ್ವಲ ರೇಖೆಗಳು, ಸಾಧಾರಣವಾದ ನಿಜಕಾಂತಿ, ನೀಹಾರಿಕೆಗಳ ಸಾಮೀಪ್ಯ ಎಂಬ ಲಕ್ಷಣಗಳುಳ್ಳ ಹನ್ನೊಂದು ನಕ್ಷತ್ರಗಳನ್ನು ಒಂದುಗೂಡಿಸಿ ಇದರ ಹೆಸರಿನಿಂದಲೇ ಕರೆದನು. ಇವು ಧೂಳಿನ ಮೋಡವನ್ನು ಆಕಸ್ಮಿಕವಾಗಿ ಹೊಕ್ಕ ಹಳೆಯ ನಕ್ಷತ್ರಗಳೆಂದು ಕೆಲವರು ಊಹಿಸಿದರು. ಆದರೆ ಆರ್ಮೇನಿಯದ ವಿಕ್ಟರ್ ಅಂಬಾರ್ಟ್ಸುಮಿಯನ್, ಇವು ಗುಂಪುಗುಂಪಾಗಿ ಕಾಣುವುದನ್ನೂ ಅಂಥ ಸಡಿಲವಾದ ಗುಂಪುಗಳು ಬಹುಕಾಲ ಒಟ್ಟಾಗಿ ಉಳಿಯಲಾರವೆಂಬುದನ್ನೂ ಆಧಾರವಾಗಿಟ್ಟುಕೊಂಡು, ಇವು ಆ ಮೋಡಗಳಲ್ಲಿಯೇ ಈಚೆಗೆ ಹುಟ್ಟಿದ ತಾರೆಗಳೆಂದು 1940ರ ದಶಕದ ಅಂತ್ಯದಲ್ಲಿ ಪ್ರತಿಪಾದಿಸಿದನು. ಮುಂದೆ ಜಾರ್ಜ್ ಹರ್ಬಿಗ್ ಮೊದಲಾದವರ ದೀರ್ಘಾಧ್ಯಯನಗಳು ಈ ಮತವನ್ನು ದೃಢಪಡಿಸಿದವು. ನಕ್ಷತ್ರಗರ್ಭದ ತಾಪದಲ್ಲಿ ಬೇಗನೆ ನಾಶವಾಗುವ ಲಿಥಿಯಮ್ ಧಾತುವು ಇವುಗಳಲ್ಲಿ ಇನ್ನೂ ಸಮೃದ್ಧವಾಗಿರುವುದು ಎಳವೆಯ ಪ್ರಬಲ ಸಾಕ್ಷ್ಯವಾಯಿತು. ಇಂಥ ನಕ್ಷತ್ರದ ತೇಜಸ್ಸು ಹೈಡ್ರೊಜನ್ನಿನ ಸಂಲಯನದಿಂದ ಬಂದುದಲ್ಲ. ಮುಖ್ಯವಾಗಿ ತನ್ನ ಗುರುತ್ವದಿಂದಲೇ ಅದು ಕುಗ್ಗುವುದರಿಂದಲೂ, ಸುತ್ತಣ ತಟ್ಟೆಯ ದ್ರವ್ಯ ಅದರ ಮೇಲೆ ಬೀಳುವುದರಿಂದಲೂ ಉಂಟಾದುದು.

ವರ್ಗಕ್ಕೆ ಹೆಸರುಕೊಟ್ಟ ತಾರೆ ತನ್ನ ವರ್ಗದಲ್ಲಿಯೇ ಜಟಿಲವಾದುದು. 1982ರಲ್ಲಿ ಅವಕೆಂಪು ಕಿರಣಗಳ ವೀಕ್ಷಣೆಯಿಂದ ಇದರ ದಕ್ಷಿಣಕ್ಕೆ ಮುಕ್ಕಾಲು ವಿಕಲೆಗೂ ಕಡಿಮೆ ಅಂತರದಲ್ಲಿ ಸಂಗಾತಿಯೊಂದು ಪತ್ತೆಯಾಯಿತು; 2000ದಲ್ಲಿ ಆ ಸಂಗಾತಿಯೂ ಒಂದು ಜೋಡಿಯೆಂದು ತಿಳಿದುಬಂದಿತು. ಧೂಳಿನಲ್ಲಿ ಹುದುಗಿರುವ ಆ ಎರಡು ನಕ್ಷತ್ರಗಳು ಗೋಚರ ಬೆಳಕಿನಲ್ಲಿ ಕಂಡುಬಂದಿಲ್ಲ.

ಸುಮಾರು 460 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನೂ ಇಂಥದೊಂದು ಅವಸ್ಥೆಯನ್ನು ದಾಟಿ ಬಂದನೆಂಬುದೂ, ಗ್ರಹಗಳು ಅಂಥ ಧೂಳಿನ ತಟ್ಟೆಯಿಂದಲೇ ರೂಪುಗೊಂಡವೆಂಬುದೂ ಇಂದಿನ ಖಗೋಳಶಾಸ್ತ್ರದ ನಿಶ್ಚಿತಾಭಿಪ್ರಾಯ. 2014ರಲ್ಲಿ ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕ ಸಮೂಹವು ಇದೇ ವರ್ಗದ, ಇದೇ ರಾಶಿಯ ಎಚ್‌ಎಲ್ ಟೌರಿಯ ಸುತ್ತಣ ತಟ್ಟೆಯಲ್ಲಿ ಉಂಗುರಗಳನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಈ ಜ್ಞಾನಕ್ಕೆ ಮೊದಲ ಎಳೆಯನ್ನು ಒದಗಿಸಿದವರು, ಕಂಡಾಗ ಕಂಡಿತೆಂದೂ ಕಾಣದಾಗ ಕಾಣಲಿಲ್ಲವೆಂದೂ ನಿಷ್ಠೆಯಿಂದ ಬರೆದಿಟ್ಟ ಹಿಂಡ್, ಡಾರೆಸ್ಟ್, ಸ್ಟ್ರೂವ್, ಬಾರ್ನಾರ್ಡರು. 1888ರಲ್ಲಿ ಡ್ರೇಯರನು ಪ್ರಕಟಿಸಿದ ನೀಹಾರಿಕೆಗಳ ಪಟ್ಟಿಯಲ್ಲಿ ಹಿಂಡನ ನೀಹಾರಿಕೆಗೆ 1555 ಎಂಬ ಸಂಖ್ಯೆ ದೊರೆಯಿತು, ಸ್ಟ್ರೂವನದಕ್ಕೆ 1554. ಮೊದಲನೆಯದು ಇಂದು ಕಾಣುತ್ತದೆ. ಎರಡನೆಯದರ ಸ್ಥಾನದಲ್ಲಿ ನೀಹಾರಿಕೆ ಇಲ್ಲ.