ಗ್ಯಾಸು ಎಲ್ಲಿಗೆ ಹೋಗುತ್ತದೆ?

ಮೇ ತಿಂಗಳ ಬಿಸಿಲಿನಲ್ಲಿ ಕಾರಿನ ಏಸಿ ಕೈಕೊಟ್ಟರೆ ನಮ್ಮ ರೋಹಿಣಿಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಮಾತು: ‘ಗ್ಯಾಸ್ ಖತಮ್.’ ಡಬ್ಬಿ ತಂದು ಮನೆಯ ಮುಂದೆಯೇ ತುಂಬಿಕೊಳ್ಳುವ ಸಾಹಸಿಗಳೂ ಉಂಟು. ಆದರೆ ಏಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಒತ್ತಡಕ್ಕೆ ಸಿಕ್ಕಿ, ಶಾಖ ಬಿಟ್ಟು ದ್ರವವಾಗಿ, ಮತ್ತೆ ಆವಿಯಾಗಿ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಈ ಸೋರಿಕೆಗೂ ಒಂದು ಇತಿಹಾಸವಿದೆ.

ಮೊದಮೊದಲು ಶೀತಕ ಯಂತ್ರಗಳಲ್ಲಿ ಅಮೋನಿಯ, ಗಂಧಕದ ಡೈ ಆಕ್ಸೈಡ್ ಮುಂತಾದ ವಿಷಾನಿಲಗಳಿದ್ದವು. 1928ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಅವರ ತಂಡ ಉರಿಯದ, ವಿಷವಲ್ಲದ ಫ್ರಿಯಾನನ್ನು ಕಂಡುಹಿಡಿಯಿತು. 1939ರಲ್ಲಿ ಪ್ಯಾಕಾರ್ಡ್ ಕಂಪೆನಿ ಏಸಿ ಕಾರನ್ನು ಪ್ರದರ್ಶಿಸಿತು. ಅದರ ತಂಪು ನಿಲ್ಲಿಸಲು ಎಂಜಿನ್ ಆರಿಸಿ, ಕೆಳಗಿಳಿದು, ಬೆಲ್ಟನ್ನೇ ಕಳಚಬೇಕಾಗಿತ್ತು!

ಮನೆಯ ಫ್ರಿಜ್ಜಿನ ಕಂಪ್ರೆಸರು ಬೆಸುಗೆ ಹಾಕಿ ಮುಚ್ಚಿದ ಡಬ್ಬಿ. ಕಾರಿನದು ಹಾಗಲ್ಲ. ಬೆಲ್ಟಿನಿಂದ ತಿರುಗುವ ಅದರ ದಂಡ ಹೊರಗೆ ಚಾಚಿರುತ್ತದೆ. ಕೊಳವೆಗಳಲ್ಲಿ ಕೆಲವು ರಬ್ಬರಿನವು. ಎಂಜಿನ್ ಸದಾ ಅದುರುತ್ತಿರುತ್ತದೆ. ಸೋರುವುದು ಸಹಜ. ಸೋರಿದರೇನು, ನಿರಪಾಯಕಾರಿ ಅನಿಲವಲ್ಲವೆ ಎಂದು ಜಗತ್ತು ದಶಕಗಳ ಕಾಲ ಸುಮ್ಮನಿತ್ತು.

ಬಾಲ್ಯದಲ್ಲಿ ಬೆಂಗಳೂರಿನ ಶಾಲೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಅವರು 1960ರ ದಶಕದಲ್ಲಿ ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದರು. ಗ್ಯಾಸು ಯಾಕೆ ಸೋರುತ್ತದೆಂದು ಪತ್ತೆಹಚ್ಚುವುದೇ ಅವರಿಗೆ ಒಪ್ಪಿಸಿದ ಕೆಲಸ. ಬಳಿಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ತೆರಳಿದರು. ಈ ಗ್ಯಾಸು ಓಜೋನ್ ಪದರವನ್ನು ಕೆಡಿಸುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತಿಳಿಸಿದರು. ಮರುವರ್ಷವೇ ರಾಮನಾಥನ್, ಇದರ ಒಂದು ಅಣು ಇಂಗಾಲದ ಡೈ ಆಕ್ಸೈಡಿನ ಸಾವಿರಾರು ಅಣುಗಳಷ್ಟು ಶಾಖವನ್ನು ಹಿಡಿದಿಡಬಲ್ಲುದೆಂದು ತೋರಿಸಿದರು. ಕಾರ್ಖಾನೆಯಲ್ಲಿ ಎದುರಾದ ಪ್ರಶ್ನೆಗೆ ಉತ್ತರ ವಾಯುಮಂಡಲದಲ್ಲಿ ಸಿಕ್ಕಿತ್ತು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. 1992ರಲ್ಲಿ ಭಾರತವೂ ಸೇರಿತು. ಹಳೆಯ ಫ್ರಿಯಾನ್ ಹೋಗಿ ಕಾರುಗಳಿಗೆ 134ಎ ಬಂದಿತು. ಇದು ಓಜೋನಿಗೆ ಕೇಡು ಮಾಡದು. ಆದರೆ ಶಾಖ ಹಿಡಿಯುವುದರಲ್ಲಿ, 100 ವರ್ಷಗಳ ಲೆಕ್ಕದಂತೆ, ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲಶಾಲಿ. ಅರ್ಧ ಕಿಲೋ ಸೋರಿದರೆ 700 ಕಿಲೋ ಇಂಗಾಲದ ಡೈ ಆಕ್ಸೈಡನ್ನು ಗಾಳಿಗೆ ಬಿಟ್ಟಂತೆ! ಇಂಥ ಅನಿಲಗಳನ್ನೂ ಕ್ರಮೇಣ ಕಡಿಮೆ ಮಾಡಬೇಕೆಂಬ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿತು.

ಹಾಗಾದರೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲವೆ? ಇದೆ. ಕಂಡೆನ್ಸರಿನ ದೆಹಲಿ ಧೂಳನ್ನು ನೀರಿನಿಂದ ಮೆಲ್ಲಗೆ ತೊಳೆಯಬಹುದು. ಫಿಲ್ಟರು, ಫ್ಯೂಸು, ಬೆಲ್ಟು ನೋಡಬಹುದು. ಗ್ಯಾಸಿನೊಡನೆ ಎಣ್ಣೆಯೂ ಹೊರಬರುವುದರಿಂದ ಕೀಲುಗಳಲ್ಲಿ ಜಿಡ್ಡಿದೆಯೇ ಎಂದು ಎಂಜಿನ್ ಆರಿಸಿ ಪರೀಕ್ಷಿಸಬಹುದು. ಗ್ಯಾಸಿನ ಕೊಳವೆಯನ್ನು ಮಾತ್ರ ಬಿಚ್ಚಕೂಡದು. ದ್ರವ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಇದ್ದ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವ ಯಂತ್ರವಿರುವ ಕಡೆಗೇ ಹೋಗಬೇಕು.

ಅಲ್ಲಿಯೂ, ತುಂಬಿಸುವ ಮುನ್ನ ಸೋರುತ್ತಿರುವುದು ಎಲ್ಲಿ ಎಂದು ಕೇಳೋಣ. ತೂತಿನ ಕೊಡಕ್ಕೆ ನೀರು ಹೊಯ್ದು ಫಲವೇನು?