ಹಿಡಿ ಅಕ್ಕಿ ಮತ್ತು ಗುರುವಾರದ ಓದು

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರದ ಊರಿನಿಂದ ಪತ್ರ ಬರೆದಿದ್ದಾರೆ. "ಸರ್, ನೀವು ತರಗತಿಯಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ, ಮುದ್ರಣಾಲಯ, ಕಿಟೆಲ್ಲರ ನಿಘಂಟು ಎಲ್ಲವನ್ನೂ ಹೇಳುತ್ತಿದ್ದಿರಿ. ಆದರೆ ಆ ಸಭೆಗಳಲ್ಲಿ ಕುಳಿತಿದ್ದ ಜನರ ವಿಷಯವನ್ನು ಮಾತ್ರ ಹೇಳಲೇ ಇಲ್ಲ" ಎಂಬುದು ಅವರ ಆಕ್ಷೇಪ. ಮಾತು ನಿಜ. ಆ ಜನರ ನಡುವೆಯೇ ಹುಟ್ಟಿ ಬೆಳೆದವನು ನಾನು. ಮನೆಯ ಕಥೆಯನ್ನು ಪಾಠದ ಮೇಜಿಗೆ ತರಬಾರದೆಂಬ ಸಂಕೋಚವೇ ಕಾರಣವಾಗಿದ್ದಿರಬೇಕು. ಇತ್ತೀಚೆಗೆ ನಮ್ಮ ಸಭೆಯ ಹಿರಿಯರ ಕೂಟದಲ್ಲಿ ನಡೆದ ಒಂದು ಚರ್ಚೆ ಆ ಸಂಕೋಚವನ್ನು ಬಿಡಿಸಿತು.

ಚರ್ಚೆಯ ವಿಷಯ ಇಷ್ಟೆ: ತಿಂಗಳಿಗೊಂದು ಭಾನುವಾರವಾದರೂ ಆರಾಧನೆ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಿರಿಯರು ಕೇಳಿಕೊಂಡರು. ಅವರ ಮಕ್ಕಳಿಗೆ ಕನ್ನಡ ಸತ್ಯವೇದವನ್ನು ಓದಲು ಬರುವುದಿಲ್ಲ. ಮೂವತ್ತೈದು ವರ್ಷ ಕನ್ನಡ ಮತ್ತು ಚರಿತ್ರೆ ಕಲಿಸಿದವನಾದ್ದರಿಂದ ನಾನು ಎದ್ದು ನಿಂತು, ಮಾತೃಭಾಷೆಯ ಪ್ರಾರ್ಥನೆಯ ಮಹತ್ವವನ್ನು ಕುರಿತು ಹತ್ತು ನಿಮಿಷ ಮಾತನಾಡಿದೆ. ಚಪ್ಪಾಳೆಯೂ ಬಿತ್ತು. ಆದರೆ ಮನೆಗೆ ಬಂದು ಮಲಗಿದ ಮೇಲೆ ಅಜ್ಜಿಯ ನೆನಪಾಗಿ ನಿದ್ರೆ ಬರಲಿಲ್ಲ. ಏಕೆಂದರೆ ನನ್ನ ಅಜ್ಜಿಯ ಮಾತೃಭಾಷೆ ಕನ್ನಡವಾಗಿರಲಿಲ್ಲ, ತುಳುವಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆ ಕಳುಹಿಸಿದ ಸಾಮ್ಯುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ಅನಂತರ ಬಂದ ಹೆರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಕಥೆಯನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಬಂದವರ ಮುಂದೆ ಮೊದಲ ದಿನದಿಂದಲೇ ಇದ್ದ ಪ್ರಶ್ನೆ, ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದು. ಕಚೇರಿಯಲ್ಲಿ, ಶಾಲೆಯಲ್ಲಿ, ಬರವಣಿಗೆಯಲ್ಲಿ ಇದ್ದುದು ಕನ್ನಡ. ಗದ್ದೆಯಲ್ಲಿ, ಅಡುಗೆ ಮನೆಯಲ್ಲಿ, ಭೂತದ ಕೋಲದಲ್ಲಿ ಇದ್ದುದು ತುಳು. ಗ್ರೈನರರು ತುಳುವನ್ನು ಕಲಿತು ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದರು. 1847ರಲ್ಲಿ ಅದು ಕನ್ನಡ ಲಿಪಿಯಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತು. 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣವೂ 1886ರಲ್ಲಿ ಮ್ಯಾನರರ ತುಳು ನಿಘಂಟೂ ಬಂದವು. ತುಳುವಿಗೆ ಅಚ್ಚಿನ ರೂಪ ಕೊಟ್ಟವರು ಇವರೇ.

ಕನ್ನಡದ ಸತ್ಯವೇದ ಅದಕ್ಕಿಂತ ಹಳೆಯದು. ಲಂಡನ್ ಮಿಶನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಕೆಲಸ ಆರಂಭಿಸಿದರು. ಇಡೀ ಗ್ರಂಥ 1831ರ ಹೊತ್ತಿಗೆ ಅಚ್ಚಾಗಿತ್ತು. ಅದನ್ನು ತಿದ್ದುವ ಕೆಲಸದಲ್ಲಿ ಮಂಗಳೂರಿನವರೂ ಕೈ ಹಾಕಿದರು. ಬಯಲುಸೀಮೆಯಲ್ಲಿ ಹುಟ್ಟಿದ ಆ ಕನ್ನಡ ಕರಾವಳಿಯ ಕಿವಿಗೆ ಹೇಗೆ ಕೇಳಿಸಿದ್ದೀತು ಎಂದು ನಾನು ಅನೇಕ ಬಾರಿ ಯೋಚಿಸಿದ್ದೇನೆ. ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನು ತನ್ನನ್ನು ರೊಟ್ಟಿಗೆ ಹೋಲಿಸಿಕೊಳ್ಳುವ ಭಾಗವನ್ನು ಓದಿದಾಗ ಬಳ್ಳಾರಿಯವನಿಗೆ ಜೋಳದ ರೊಟ್ಟಿ ಕಣ್ಣ ಮುಂದೆ ಬಂದೀತು. ನಮಗೆ ಅನ್ನವೇ ದಿನದ ಊಟ. ರೊಟ್ಟಿಯೆಂದರೆ ಕೋಳಿ ಸಾರಿನೊಂದಿಗೆ ಹಬ್ಬಕ್ಕೆ ಮಾಡುವ ತೆಳ್ಳಗಿನ ಗರಿಗರಿ ಪದಾರ್ಥ. ಅಜ್ಜಿ ಈ ಭಾಗ ಬಂದಾಗಲೆಲ್ಲ, "ದೇವರು ಹಬ್ಬದ ದಿನ ಮಾತ್ರ ಬರುವವನೇನು? ಗಂಜಿ ಎಂದು ಹೇಳಬೇಕಿತ್ತು" ಎನ್ನುತ್ತಿದ್ದರು. ಸಭಾಪಾಲಕರು ಒಮ್ಮೆ ಈ ಮಾತನ್ನು ಕೇಳಿ ನಕ್ಕು, ಮುಂದಿನ ಭಾನುವಾರ ಪ್ರಸಂಗದಲ್ಲಿ ಅದನ್ನೇ ಬಳಸಿಕೊಂಡರು. ಯಾರು ಹೇಳಿದ್ದೆಂದು ಮಾತ್ರ ತಿಳಿಸಲಿಲ್ಲ. ಅಜ್ಜಿಗೆ ಅದರ ಬೇಸರ ಬಹಳ ಕಾಲ ಇತ್ತು.

ಮತಾಂತರವಾದವರು ಕಳೆದುಕೊಂಡದ್ದೇನು ಎಂಬುದನ್ನು ಇಂದಿನ ವಾದ ವಿವಾದಗಳ ನಡುವೆ ನಾವು ಮರೆಯುತ್ತೇವೆ. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ಪೇಟೆಯೇ ಅಲ್ಲೋಲಕಲ್ಲೋಲವಾಯಿತು. ಅವರಿಗಾದರೂ ಓದು ಇತ್ತು. ಬಾಸೆಲ್‌ಗೆ ಹೋಗಿ ಕಲಿತು, ಬೋಧಕರಾಗಿ ಮರಳಿದರು. ಸಾಧಾರಣ ಒಕ್ಕಲು ಮನೆಯವರಿಗೆ ಜಾತಿ ಹೋದರೆ ಗೇಣಿಯ ಗದ್ದೆಯೂ ಹೋಯಿತು, ಬಾವಿಯ ನೀರೂ ಹೋಯಿತು. ನೇಯ್ಗೆಯ ಮಗ್ಗ, ಮುದ್ರಣಾಲಯ, 1865ರಲ್ಲಿ ಪ್ಲೆಬ್‌ಸ್ಟರು ಆರಂಭಿಸಿದ ಜೆಪ್ಪುವಿನ ಹಂಚಿನ ಕಾರ್ಖಾನೆ ಇವೆಲ್ಲ ಹುಟ್ಟಿದ್ದರಲ್ಲಿ ಆ ಹಸಿವಿಗೆ ದೊಡ್ಡ ಪಾಲಿದೆ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೂಲಿ ಕೊಡುವವರೂ ಅವರೇ, ಪ್ರಸಂಗ ಮಾಡುವವರೂ ಅವರೇ, ಶಿಸ್ತು ತಪ್ಪಿದರೆ ಸಭೆಯಿಂದ ಹೊರಗಿಡುವವರೂ ಅವರೇ ಆದಾಗ, ಬೆಂಚಿನ ಮೇಲೆ ಕುಳಿತವನು ವೇದವನ್ನು ತನ್ನದೆಂದು ಓದುವುದು ಸುಲಭವಲ್ಲ. ದೊರೆಗಳು ಓದಿದರು, ನಾವು ಕೇಳಿದೆವು. ಬಹುಕಾಲ ನಡೆದದ್ದು ಹೀಗೆಯೇ ಎಂದು ನನ್ನ ಅಭಿಪ್ರಾಯ.

ಆ ಸ್ಥಿತಿಯನ್ನು ಅಲುಗಾಡಿಸಿದ್ದು ಒಂದು ಯುದ್ಧ. 1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಸಂಸ್ಥೆ ಸ್ವಿಸ್ ನೆಲದ್ದಾದರೂ ಬೋಧಕರಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರ್ಕಾರ ಅವರನ್ನು ವೈರಿ ದೇಶದ ಪ್ರಜೆಗಳೆಂದು ಬಂಧಿಸಿ ಅಹಮದ್‌ನಗರದ ಶಿಬಿರಕ್ಕೆ ಕಳುಹಿಸಿತು. ಮುಂದೆ ಅನೇಕರನ್ನು 'ಗೋಲ್ಕೊಂಡ' ಎಂಬ ಹಡಗಿನಲ್ಲಿ ದೇಶಕ್ಕೆ ಸಾಗಹಾಕಿತು. ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ತಲೆಯ ಮೇಲಿದ್ದ ಮಾಡು ಒಮ್ಮೆಗೇ ಹಾರಿಹೋದಂತಾಯಿತು.

ಆಗ ಅಜ್ಜಿ ಹೊಸದಾಗಿ ಮದುವೆಯಾಗಿ ಬಂದಿದ್ದವರು. ಅವರು ಹೇಳುತ್ತಿದ್ದ ಪ್ರಕಾರ, ಊರಿನ ಸಭೆಯ ಹಿರಿಯರು ಒಂದು ಸಂಜೆ ನಮ್ಮ ಜಗಲಿಯಲ್ಲಿ ಸೇರಿದರು. ದೊರೆಗಳು ಮತ್ತೆ ಬರುತ್ತಾರೆಯೇ? ಬಾರದಿದ್ದರೆ ಉಪದೇಶಿಗೆ ಸಂಬಳ ಕೊಡುವವರು ಯಾರು? ಸಭೆ ಉಳಿಯುತ್ತದೆಯೇ? ಕೆಲವರು ಇನ್ನೊಂದು ಮಿಶನ್ನಿನ ಆಸರೆ ಹುಡುಕೋಣ ಎಂದರಂತೆ. ಅಜ್ಜ ಮಾತಿಗಿಂತ ಮೊದಲು ಓದಬೇಕೆಂದು ಹೇಳಿ ಯಾತ್ರಾಕಾಂಡವನ್ನು ತೆರೆದರು. ಅರಣ್ಯದಲ್ಲಿ ಮನ್ನ ಸುರಿದ ಕಥೆ ಅದು, ನಾಳೆಗೆಂದು ಕೂಡಿಟ್ಟದ್ದು ಹುಳುಬಿದ್ದ ಕಥೆ. ಒಬ್ಬೊಬ್ಬರು ಒಂದೊಂದು ವಚನದಂತೆ ಓದಿದರು. ಓದು ಮುಗಿದ ಮೇಲೆ ಬಾಗಿಲ ಹಿಂದೆ ನಿಂತಿದ್ದ ಹೆಂಗಸೊಬ್ಬಳು, ನಾವು ಅಡುಗೆಗೆ ಅಕ್ಕಿ ಅಳೆಯುವಾಗ ದಿನಕ್ಕೊಂದು ಹಿಡಿ ತೆಗೆದಿಟ್ಟರೆ ಉಪದೇಶಿಯ ಮನೆ ನಡೆಯದೇ ಎಂದು ತುಳುವಿನಲ್ಲಿ ಕೇಳಿದಳು. ಅವಳು ಯಾರೆಂದು ಅಜ್ಜಿ ಎಂದೂ ಹೇಳಲಿಲ್ಲ. ಅಜ್ಜಿಯೇ ಇರಬೇಕೆಂದು ನನ್ನ ಊಹೆ.

ಅಂದಿನಿಂದ ನಮ್ಮ ಅಡುಗೆ ಮನೆಯಲ್ಲಿ ಅಕ್ಕಿಯ ಮುಡಿಯ ಪಕ್ಕದಲ್ಲಿ ಒಂದು ಸಣ್ಣ ಮಣ್ಣಿನ ಭರಣಿ ಇತ್ತು. ಶನಿವಾರ ಅದನ್ನು ಸಭೆಗೆ ಒಯ್ಯುವ ಕೆಲಸ ನನ್ನ ಬಾಲ್ಯದಲ್ಲಿ ನನ್ನದಾಗಿತ್ತು. ಅದೇ ಸಂಜೆಯ ಮುಂದುವರಿಕೆಯಾಗಿ ಗುರುವಾರದ ಓದೂ ಬಂದಿತು. ಬಾಸೆಲ್‌ನಿಂದ ಬೋಧಕರು 1920ರ ದಶಕದಲ್ಲಿ ಮತ್ತೆ ಬಂದರು. ಆದರೆ ಅಷ್ಟರಲ್ಲಿ ಉಪದೇಶಿಯನ್ನು ಸಾಕಿದವರು ನಾವು ಎಂಬ ಅರಿವು ಜನರಿಗೆ ಬಂದುಬಿಟ್ಟಿತ್ತು.

ಇದು ನಮ್ಮೊಂದು ಜಗಲಿಯ ಮಾತಲ್ಲ. ದಕ್ಷಿಣ ಭಾರತದ ಸಭೆಗಳೆಲ್ಲ ಆ ಕಾಲದಲ್ಲಿ ತಮ್ಮ ಮುಂದಿನ ದಾರಿಯನ್ನು ತಾವೇ ಯೋಚಿಸತೊಡಗಿದ್ದವು. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾಗಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎನಿಸಿದ ಅಜರಯ್ಯನವರು ಮತ್ತು ಸಂಗಡಿಗರು 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿ, ಪಶ್ಚಿಮದವರ ಒಡಕುಗಳನ್ನು ನಾವೇಕೆ ಹೊರಬೇಕೆಂದು ಕೇಳಿದರು. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ಅಜರಯ್ಯನವರು 1945ರ ಮೊದಲ ದಿನವೇ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕತೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಬಾಸೆಲ್ ಮಿಶನ್ ಹಿನ್ನೆಲೆಯ ಸಭೆಗಳು ಒಮ್ಮೆಲೇ ಅಲ್ಲ, ಬೇರೆ ಬೇರೆ ಕಾಲಕ್ಕೆ ಅದರೊಳಗೆ ಬಂದವು.

ಇನ್ನು ಗುರುವಾರದ ಓದಿಗೆ ಬರುತ್ತೇನೆ. ಲಾಟೀನಿನ ಸುತ್ತ ಚಾಪೆ ಹಾಸಿ ಕುಳಿತು ಎಲ್ಲರೂ ಒಂದೊಂದು ವಚನ ಓದುವುದು ಪದ್ಧತಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಸರದಿ ಬಂದಾಗ ನಾನು ಓದುತ್ತಿದ್ದೆ. ಆಮೇಲೆ ಅವರು ಅದನ್ನು ತುಳುವಿನಲ್ಲಿ ತಿರುಗಿ ಹೇಳುತ್ತಿದ್ದರು, ಹೇಳುತ್ತ ಹೇಳುತ್ತ ಪ್ರಶ್ನೆ ಕೇಳುತ್ತಿದ್ದರು. ರೂತಳ ಕಥೆಯಲ್ಲಿ ಅತ್ತೆಯನ್ನು ಬಿಟ್ಟು ತವರಿಗೆ ಹಿಂತಿರುಗಿದ ಒರ್ಫಾ ಎಂಬ ಇನ್ನೊಬ್ಬ ಸೊಸೆ ಇದ್ದಾಳಲ್ಲ, ಅವಳನ್ನು ಯಾರೂ ಬೈಯದಂತೆ ಅಜ್ಜಿ ತಡೆಯುತ್ತಿದ್ದರು. ಅಜ್ಜಿಯ ಸ್ವಂತ ಅಕ್ಕ ಹಳೆಯ ಮನೆಯಲ್ಲಿಯೇ, ಹಳೆಯ ದೈವಗಳೊಂದಿಗೆ ಉಳಿದವರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಿದ್ರೆ ಬಾರದ ಆ ರಾತ್ರಿ ಹೊಳೆದದ್ದು ಇಷ್ಟು: ನಾನು ಕಾಪಾಡಲು ಹೊರಟ 'ಮಾತೃಭಾಷೆ' ಅಜ್ಜಿಗೆ ಕಲಿತವರ ಭಾಷೆ, ಪುಸ್ತಕದ ಭಾಷೆ. ಇಂಗ್ಲಿಷ್ ಇಂದು ನನಗೆ ದೇವಾಲಯದೊಳಗೆ ಹೇಗೆ ಕೇಳಿಸುತ್ತದೆಯೋ ಕನ್ನಡ ಅಂದು ಅವರಿಗೆ ಹಾಗೆ ಕೇಳಿಸಿರಬಹುದು. ಆದರೂ ಅವರು ಚಾಪೆ ಬಿಟ್ಟು ಏಳಲಿಲ್ಲ. ತುಳುವಿನ ಹೊಸ ಒಡಂಬಡಿಕೆ ಅಚ್ಚಾಗಿದ್ದರೂ ನಮ್ಮ ಮನೆಯಲ್ಲಿ ಅದರ ಪ್ರತಿ ಇರಲಿಲ್ಲ. ಅದನ್ನು ತರಿಸಿ ಅವರಿಗೆ ಓದಿ ಹೇಳಬೇಕೆಂದು, ಕನ್ನಡದ ಪದವಿ ಪಡೆದ ನನಗೆ ಎಂದೂ ಅನ್ನಿಸಲಿಲ್ಲ.

ಮುಂದಿನ ಕೂಟದಲ್ಲಿ ನಾನು ನನ್ನ ವಿರೋಧವನ್ನು ಹಿಂತೆಗೆದುಕೊಂಡೆ. ಚಪ್ಪಾಳೆ ತಟ್ಟಿದ್ದವರಲ್ಲಿ ಕೆಲವರು ಈಗ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಒಂದು ಷರತ್ತನ್ನು ಮಾತ್ರ ಕೇಳಿಕೊಂಡೆ: ನಿಂತುಹೋಗಿದ್ದ ಗುರುವಾರದ ಓದು ಮತ್ತೆ ಆಗಲಿ, ಯಾವ ಭಾಷೆಯಲ್ಲಿ ಓದಿದರೂ ಓದಿದ್ದನ್ನು ಮನೆಮಾತಿನಲ್ಲಿ ತಿರುಗಿ ಹೇಳಲಿ. ಮೂರು ವಾರಗಳಿಂದ ನಡೆಯುತ್ತಿದೆ. ಬರುವವರು ಒಂಬತ್ತು ಮಂದಿ, ಮಳೆ ಬಂದರೆ ಆರು. ಕಳೆದ ವಾರ ಮೊಮ್ಮಗಳು ಇಂಗ್ಲಿಷಿನಲ್ಲಿ ರೂತಳ ಮೊದಲ ಅಧ್ಯಾಯ ಓದಿದಳು. ತುಳುವಿನಲ್ಲಿ ತಿರುಗಿ ಹೇಳುವ ಸರದಿ ನನ್ನದು. ಅರ್ಧಕ್ಕೆ ಬಂದಾಗ ಪದಗಳು ಸಿಗದೆ ನಿಂತೆ. ಪಕ್ಕದ ಮನೆಯ, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಕ್ಕ ಉಳಿದದ್ದನ್ನು ಹೇಳಿ ಮುಗಿಸಿದರು. ಒರ್ಫಾ ಹಿಂತಿರುಗಿದ ಭಾಗ ಬಂದಾಗ ಮೊಮ್ಮಗಳು, "ಅವಳದು ತಪ್ಪೇನು ಅಜ್ಜ?" ಎಂದು ಕೇಳಿದಳು.